ನಿಕ್ಕಲ್ ಲೇಪ ತೆಗೆಯಬೇಕೆ? ಮೊದಲು ಒಳಗಿನ ಲೋಹ ಯಾವುದು ನೋಡಿ

ಅಟ್ಟದಿಂದ ಇಳಿಸಿದ ಹಳೆಯ ಆರತಿ ತಟ್ಟೆ. ಒಂದು ಕಾಲದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದದ್ದು ಈಗ ಮಚ್ಚೆ ಮಚ್ಚೆಯಾಗಿದೆ. ಅಂಚಿನಲ್ಲಿ ಬಿಳಿ ಪದರ ಎದ್ದು ಒಳಗಿನ ಹಳದಿ ಬಣ್ಣ ಇಣುಕುತ್ತಿದೆ. ಇಲ್ಲವೇ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಯೆಜ್ಡಿ ಬೈಕಿನ ಹ್ಯಾಂಡಲ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅದರ ಬೈಕುಗಳನ್ನು ಮತ್ತೆ ಹೊಸದರಂತೆ ಮಾಡಿಸುವ ಹುಚ್ಚು ಮಾತ್ರ ವರ್ಷ ವರ್ಷ ಹೆಚ್ಚುತ್ತಿದೆ. ತಟ್ಟೆಯಾಗಲಿ ಹ್ಯಾಂಡಲ್ ಆಗಲಿ, ಮೊದಲು ಬರುವ ಪ್ರಶ್ನೆ ಒಂದೇ: ಈ ಹಳೆಯ ಬಿಳಿ ಲೇಪವನ್ನು ಪೂರ್ತಿ ತೆಗೆಯುವುದು ಹೇಗೆ?

ಕೇಳಿದವರಿಗೆಲ್ಲ ಒಂದೊಂದು ಉತ್ತರ ಗೊತ್ತಿರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಅನ್ನುತ್ತಾರೆ ಒಬ್ಬರು. ಟಾಯ್ಲೆಟ್ ಆಸಿಡ್‌ನಲ್ಲಿ ರಾತ್ರಿ ನೆನೆಸಿಡಿ ಅನ್ನುತ್ತಾರೆ ಇನ್ನೊಬ್ಬರು. ಪತ್ತಾರರ ಅಂಗಡಿಯಿಂದ ಸ್ವಲ್ಪ ತೇಜಾಬು ತಂದರೆ ಎರಡೇ ನಿಮಿಷ ಎನ್ನುವವರೂ ಇದ್ದಾರೆ. ವಿನೆಗರ್‌ಗೆ ಉಪ್ಪು ಹಾಕಿ ಬ್ಯಾಟರಿ ಚಾರ್ಜರ್ ಜೋಡಿಸುವುದನ್ನು ವಿಡಿಯೋ ನೋಡಿ ಕಲಿತವರು ಈಗಿನ ಹುಡುಗರು. ಇವುಗಳಲ್ಲಿ ಒಂದು ಕೆಲಸ ಮಾಡುವುದಿಲ್ಲ, ಒಂದು ವಸ್ತುವನ್ನು ಹಾಳು ಮಾಡುತ್ತದೆ, ಒಂದು ಜೀವಕ್ಕೇ ಅಪಾಯ ತರಬಲ್ಲದು. ಯಾವ ಉಪಾಯಕ್ಕೆ ಯಾವ ಫಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೇಲಿನ ನಿಕ್ಕಲ್ ಅಲ್ಲ, ಅದರ ಕೆಳಗೆ ಅಡಗಿರುವ ಲೋಹ.

ಇದು ಕಲಾಯಿ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಹಿತ್ತಾಳೆ ಪಾತ್ರೆಯ ಒಳಗಿನ ಬಿಳಿ ಬಣ್ಣವನ್ನೆಲ್ಲ ಕಲಾಯಿ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಕಲಾಯಿ ಎಂದರೆ ತವರ. ಅದು 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹಾಗಾಗಿಯೇ ಕಲಾಯಿಗಾರ ಇದ್ದಿಲ ಒಲೆಯ ಮೇಲೆ ಪಾತ್ರೆ ಕಾಯಿಸಿ ಅರಳೆಯಿಂದ ಸವರಿ ಮುಗಿಸುತ್ತಾನೆ. ನಿಕ್ಕಲ್ ಕರಗಬೇಕಾದರೆ 1455 ಡಿಗ್ರಿ ಬೇಕು. ಅಷ್ಟು ಹೊತ್ತಿಗೆ ಹಿತ್ತಾಳೆ ಕರಗಿ ನೀರಾಗಿರುತ್ತದೆ. ಆದ್ದರಿಂದ ನಿಕ್ಕಲ್ ಲೇಪವನ್ನು ಕಾಯಿಸಿ ಹಚ್ಚುವುದಿಲ್ಲ, ನಿಕ್ಕಲ್ ಲವಣದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಕೂರಿಸುತ್ತಾರೆ. ಇಂದಿಗೂ ಹೆಚ್ಚಿನ ಕಡೆ ಬಳಸುವ ದ್ರಾವಣದ ಹದವನ್ನು ಅಮೆರಿಕದ ಆಲಿವರ್ ವಾಟ್ಸ್ 1916ರಲ್ಲಿ ಪ್ರಕಟಿಸಿದ. ಅಲಂಕಾರದ ವಸ್ತುಗಳ ಮೇಲೆ ಈ ಪದರ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ದಪ್ಪ ಇರುತ್ತದೆ, ಎಂದರೆ ತಲೆಗೂದಲಿಗಿಂತ ಎಷ್ಟೋ ತೆಳು. ಬೈಕಿನ ಭಾಗಗಳಲ್ಲಿ ಅದರ ಮೇಲೆ ಇನ್ನೂ ತೆಳುವಾದ, ಒಂದು ಮೈಕ್ರಾನಿಗಿಂತಲೂ ಕಡಿಮೆಯ ಕ್ರೋಮ್ ಪದರ ಇರುತ್ತದೆ. ನಾವು ‘ಕ್ರೋಮ್’ ಎಂದು ಕರೆಯುವ ಹೊಳಪಿನ ಬಹುಭಾಗ ಅದರ ಕೆಳಗಿನ ನಿಕ್ಕಲ್‌ನದೇ.

ಈ ತೆಳು ಪದರ ಹಠಮಾರಿ. ಗಾಳಿ ತಾಗಿದ ಕೂಡಲೇ ನಿಕ್ಕಲ್ ತನ್ನ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಹೊದಿಕೆ ಎಳೆದುಕೊಳ್ಳುತ್ತದೆ. ಹುಣಸೆ, ನಿಂಬೆ, ವಿನೆಗರ್‌ಗಳು ಹಿತ್ತಾಳೆಯ ಕಿಲುಬನ್ನು ಚೆನ್ನಾಗಿ ಬಿಡಿಸುತ್ತವೆ, ನಿಕ್ಕಲ್ ಪದರವನ್ನು ಮಾತ್ರ ಹೇಳಿಕೊಳ್ಳುವಷ್ಟು ಕದಲಿಸುವುದಿಲ್ಲ. ಟಾಯ್ಲೆಟ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಮೇಲಿನ ಕ್ರೋಮನ್ನು ಬೇಗ ಕರಗಿಸುತ್ತದೆ. ಗುಳ್ಳೆ ಬರುತ್ತದೆ, ದ್ರಾವಣ ಹಸಿರಾಗುತ್ತದೆ, ನೋಡುವವರಿಗೆ ‘ಆಹಾ, ನಿಕ್ಕಲ್ ಹೋಗುತ್ತಿದೆ’ ಅನ್ನಿಸುತ್ತದೆ. ನಿಕ್ಕಲ್ ಅಲ್ಲೇ ಇರುತ್ತದೆ. ಆಮ್ಲ ಲೇಪದ ಸಣ್ಣ ತೂತುಗಳಿಂದ ಒಳನುಗ್ಗಿ ಕೆಳಗಿನ ಲೋಹವನ್ನು ತಿನ್ನಲು ಶುರು ಮಾಡಿರುತ್ತದೆ.

ಇಲ್ಲಿದೆ ತೊಡಕಿನ ಮೂಲ. ಸತು, ಅಲ್ಯೂಮಿನಿಯಂ, ಕಬ್ಬಿಣ ಮೂರೂ ಆಮ್ಲದಲ್ಲಿ ಕರಗಲು ನಿಕ್ಕಲ್‌ಗಿಂತ ಹೆಚ್ಚು ಆತುರದವು. ನಿಕ್ಕಲ್ ಕರಗಿಸುವ ಆಮ್ಲ ಇವನ್ನು ಅದಕ್ಕಿಂತ ಮೊದಲೇ ಮುಗಿಸುತ್ತದೆ, ಅವು ಯಾವುದಾದರೂ ಉಪಾಯದಿಂದ ತಮ್ಮನ್ನು ತಾವು ಕಾಪಾಡಿಕೊಳ್ಳದಿದ್ದರೆ. ತಾಮ್ರ ನಿಕ್ಕಲ್‌ಗಿಂತ ಸಾವಧಾನಿ. ಆದರೆ ನಿಕ್ಕಲನ್ನು ಬೇಗ ಕರಗಿಸುವ ನೈಟ್ರಿಕ್ ಆಮ್ಲ ತಾಮ್ರವನ್ನೂ ಹಿತ್ತಾಳೆಯನ್ನೂ ಬಿಡುವುದಿಲ್ಲ. ಹಾಗಾಗಿ ಎಲ್ಲಕ್ಕೂ ಹೊಂದುವ ಒಂದೇ ದ್ರಾವಣ ಇಲ್ಲ.

ಒಳಗಿನದನ್ನು ಕಂಡುಹಿಡಿಯುವುದು

ಇದಕ್ಕೆ ಪ್ರಯೋಗಶಾಲೆ ಬೇಡ. ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಉಕ್ಕಿದೆ. ಮೆಲ್ಲಗೆ ಸೆಳೆದಂತೆ ಅನಿಸಿದರೆ ಅದು ನಿಕ್ಕಲ್ ಪದರದ ಸೆಳೆತವಷ್ಟೇ. ನಿಕ್ಕಲ್ ಕೂಡ ಅಯಸ್ಕಾಂತಕ್ಕೆ ಅಂಟುವ ಲೋಹ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಜ್ಜಿಯ ಡಬ್ಬಿಯಲ್ಲಿ 1960ರ ದಶಕದ ದೊಡ್ಡ ಒಂದು ರೂಪಾಯಿ ನಾಣ್ಯ ಸಿಕ್ಕರೆ ಹಿಡಿದು ನೋಡಿ, ಅದು ಶುದ್ಧ ನಿಕ್ಕಲ್. ವಿದ್ಯುತ್ ಇಲ್ಲದೆ ರಾಸಾಯನಿಕವಾಗಿ ಕೂರಿಸಿದ, ರಂಜಕ ಹೆಚ್ಚಿರುವ ನಿಕ್ಕಲ್ ಲೇಪ ಮಾತ್ರ ಅಂಟುವುದಿಲ್ಲ.

ಉಕ್ಕು ಅಲ್ಲವೆಂದಾದರೆ, ಯಾರಿಗೂ ಕಾಣದ ತಳಭಾಗದಲ್ಲಿ ಸೂಜಿಯಿಂದ ಗೀರಿ. ಹಳದಿ ಕಂಡರೆ ಹಿತ್ತಾಳೆ, ಕೆಂಪು ಕಂಡರೆ ತಾಮ್ರ. ಆದರೆ ಕೆಂಪಿಗೆ ಮೋಸ ಹೋಗಬೇಡಿ. ಸತುವಿನ ಎರಕದ ಮೇಲೆ ನಿಕ್ಕಲ್ ಹಚ್ಚುವ ಮುನ್ನ ತಾಮ್ರದ ತೆಳು ಪದರ ಕೊಡುವುದು ವಾಡಿಕೆ. ಸಂದೇಹ ಉಳಿದರೆ ತೂಕ ನೋಡಿ. ತೂಕದ ವಿಷಯದಲ್ಲಿ ಬ್ಯಾಡಗಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಮೆಣಸಿನಕಾಯಿ ಚೀಲದ ತೂಕದಲ್ಲಿ ಒಂದು ಕಿಲೋ ಆಚೀಚೆ ಆದರೆ ಜಗಳವೇ ಆಗುವ ಊರು ಅದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಸ್ತುವಿನ ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ವಸ್ತುವನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ವಸ್ತುವಿನ ಗಾತ್ರ ಅಷ್ಟು ಮಿಲಿಲೀಟರ್. ಮೊದಲ ತೂಕವನ್ನು ಈ ಅಂಕಿಯಿಂದ ಭಾಗಿಸಿ. 8.5ರ ಆಸುಪಾಸು ಬಂದರೆ ಹಿತ್ತಾಳೆ, 8.9 ಬಂದರೆ ತಾಮ್ರ, 7.8 ಉಕ್ಕು, 6.6ರ ಹತ್ತಿರ ಸತುವಿನ ಎರಕ, 2.7 ಅಲ್ಯೂಮಿನಿಯಂ. ಒಳಗೆ ಟೊಳ್ಳಿದ್ದರೆ ಗಾಳಿ ಉಳಿಯದಂತೆ ನೀರು ತುಂಬಿಕೊಳ್ಳಲು ಬಿಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಈ ಪರೀಕ್ಷೆಯೂ ಸೋಲುವ ಒಂದು ವಸ್ತುವಿದೆ: ಜರ್ಮನ್ ಸಿಲ್ವರ್. ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆಯಾಗಿ ಬರುವ ಕುಂಕುಮದ ಬಟ್ಟಲು, ದೀಪ, ತಟ್ಟೆ ಎಷ್ಟೋ ಇದರವೇ. ಹೆಸರಲ್ಲಿ ಬೆಳ್ಳಿ ಇದ್ದರೂ ಒಳಗೆ ಬೆಳ್ಳಿ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ. ಸಾಂದ್ರತೆ ಹಿತ್ತಾಳೆಯ ಹತ್ತಿರವೇ ಬರುತ್ತದೆ. ಗೀರಿದಾಗ ಎಷ್ಟು ಆಳಕ್ಕೆ ಹೋದರೂ ಬಿಳಿಯಾಗಿಯೇ ಕಂಡರೆ ಅದು ಜರ್ಮನ್ ಸಿಲ್ವರ್ ಇರಬಹುದು. ಅದರ ‘ನಿಕ್ಕಲ್ ತೆಗೆಯಲು’ ಹೊರಟರೆ ವಸ್ತುವೇ ಮುಗಿಯುವವರೆಗೆ ತೆಗೆಯುತ್ತಿರಬೇಕಾದೀತು. ಕಿವಿಯೋಲೆ ಹಾಕಿದರೆ ತುರಿಕೆ ಬರುತ್ತದೆ, ಲೇಪ ತೆಗೆದರೆ ಸರಿಹೋದೀತು ಎಂದುಕೊಳ್ಳುವವರಿಗೂ ಇದೇ ಮಾತು. ನಿಕ್ಕಲ್ ಅಲರ್ಜಿ ನಿಜವಾದದ್ದು, ಬಹಳ ಸಾಮಾನ್ಯವಾದದ್ದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಲೇಪ ತೆಗೆದರೂ ಕೆಳಗಿನ ಮಿಶ್ರಲೋಹದಲ್ಲಿ ನಿಕ್ಕಲ್ ಇರಬಹುದು, ಮೂಲೆಗಳಲ್ಲಿ ಹಳೆಯ ಪದರ ಉಳಿದಿರಬಹುದು. ಅಂಥ ಓಲೆಯನ್ನು ಬಿಡುವುದೇ ಸರಿ.

ಲೋಹಕ್ಕೊಂದು ನಡೆ

ಉಕ್ಕಿನ ಕಥೆ ಸ್ವಾರಸ್ಯದ್ದು. 1790ರಲ್ಲಿ ಜೇಮ್ಸ್ ಕೀರ್ ಎಂಬ ರಸಾಯನಶಾಸ್ತ್ರಜ್ಞ ಒಂದು ವಿಚಿತ್ರ ಕಂಡ. ತೆಳುವಾದ ನೈಟ್ರಿಕ್ ಆಮ್ಲದಲ್ಲಿ ಭುಸುಗುಟ್ಟಿ ಕರಗುವ ಕಬ್ಬಿಣ, ಗಾಢ ನೈಟ್ರಿಕ್ ಆಮ್ಲದಲ್ಲಿ ಏನೂ ಆಗದಂತೆ ಸುಮ್ಮನೆ ಕೂರುತ್ತದೆ. 1836ರಲ್ಲಿ ಮೈಕೇಲ್ ಫ್ಯಾರಡೆ ಇದಕ್ಕೆ ಕಾರಣ ಕಬ್ಬಿಣದ ಮೇಲೆ ಕೂರುವ ಆಕ್ಸೈಡಿನ ಹೊದಿಕೆ ಇರಬೇಕು ಎಂದ. ಲೇಪನದ ಕಾರ್ಖಾನೆಗಳು ಈ ಗುಣವನ್ನೇ ಬಳಸಿಕೊಂಡವು. ಗಾಢ ನೈಟ್ರಿಕ್ ಆಮ್ಲದಲ್ಲಿ ನಿಕ್ಕಲ್ ಕರಗುತ್ತದೆ, ಉಕ್ಕು ಉಳಿಯುತ್ತದೆ. ಕೇಳಲು ಸುಲಭ. ಆದರೆ ಆ ಹೊದಿಕೆ ಎಷ್ಟು ನಾಜೂಕೆಂದರೆ, ಭಾಗ ಒದ್ದೆಯಾಗಿದ್ದರೆ, ಆಮ್ಲಕ್ಕೆ ಸ್ವಲ್ಪ ನೀರು ಸೇರಿದರೆ, ಕೆಲವೊಮ್ಮೆ ಏನಾದರೂ ಬಡಿದರೂ ಸಾಕು, ಅದು ಒಡೆಯುತ್ತದೆ. ಆಗ ಆಮ್ಲ ಒಮ್ಮೆಲೇ ಕುದಿದು ಕಂದು ಹೊಗೆ ಎಬ್ಬಿಸುತ್ತದೆ. ಕಾರ್ಖಾನೆಯಲ್ಲಿ ಹೊಗೆ ಎಳೆಯುವ ಯಂತ್ರ ಇರುತ್ತದೆ. ಹಿತ್ತಲಲ್ಲಿ ಇರುವುದಿಲ್ಲ.

ಹಾಗಾಗಿ ಉಕ್ಕಿಗೆ ಇನ್ನೊಂದು ದಾರಿಯೂ ಇದೆ. ಭಾಗವನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಧನ ಧ್ರುವವಾಗಿಟ್ಟು ವಿದ್ಯುತ್ ಹಾಯಿಸುತ್ತಾರೆ. ಲೇಪ ಹಚ್ಚುವ ಕೆಲಸದ ತಿರುವುಮುರುವು ಇದು. ನಿಕ್ಕಲ್ ಮುಗಿದು ಉಕ್ಕು ಕಂಡಾಗ ಅದರ ಮೇಲೆ ಹೊದಿಕೆ ಕೂತು ವಿದ್ಯುತ್ ಹರಿವು ತಾನಾಗಿ ಇಳಿಯುತ್ತದೆ, ಕೆಲಸಗಾರನಿಗೆ ಅದೇ ಸೂಚನೆ. ಇಲ್ಲೂ ನೀರು ಸೇರಿದರೆ ಉಕ್ಕಿನಲ್ಲಿ ಗುಳಿ ಬೀಳುತ್ತದೆ. ಸಯನೈಡ್ ಇರುವ ಸಿದ್ಧ ದ್ರಾವಣಗಳೂ ಬಳಕೆಯಲ್ಲಿವೆ. ಸಯನೈಡಿಗೆ ಒಂದಿಷ್ಟು ಆಮ್ಲ ತಾಗಿದರೂ ಹೊರಡುವ ಅನಿಲ ಕೊಲ್ಲುವಂಥದ್ದು, ಅದರ ಹೆಸರೂ ಮನೆಗೆ ಬರಬಾರದು.

ಉಕ್ಕಿನ ಬಗ್ಗೆ ಇನ್ನೊಂದು ಮಾತನ್ನು ಬೈಕ್ ರಿಪೇರಿಯವರೂ ಮರೆಯುತ್ತಾರೆ. ಸ್ಪ್ರಿಂಗ್, ಗಟ್ಟಿ ಬೋಲ್ಟ್‌ಗಳಂಥ ಗಡಸು ಭಾಗಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಉಕ್ಕಿನೊಳಕ್ಕೆ ಹೈಡ್ರೋಜನ್ ಇಳಿಯುತ್ತದೆ. ಹೊರಗೆ ಏನೂ ಕಾಣಿಸದು. ಜೋಡಿಸಿ ಓಡಿಸಿದ ಮೇಲೆ ಒಂದು ದಿನ ಪಟ್ಟನೆ ಮುರಿಯುತ್ತದೆ. ಮುರಿಯುವ ಹೊತ್ತಿಗೆ ಬೈಕ್ ಯಾವ ವೇಗದಲ್ಲಿರುತ್ತದೆ ಎಂದು ಯಾರು ಬಲ್ಲರು? ಬಲ್ಲ ಕಾರ್ಖಾನೆಗಳು ಇಂಥ ಭಾಗಗಳನ್ನು ಆಮ್ಲದಿಂದ ತೆಗೆದ ಮೇಲೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ ಹೊರಹಾಕುತ್ತವೆ.

ತಾಮ್ರ, ಹಿತ್ತಾಳೆಗೆ ನೈಟ್ರಿಕ್ ಆಮ್ಲ ಶತ್ರು. ನಿಕ್ಕಲ್ ಎಲ್ಲಿ ಮುಗಿಯಿತು, ಹಿತ್ತಾಳೆ ಎಲ್ಲಿ ಶುರುವಾಯಿತು ಎಂದು ಅದು ನೋಡುವುದಿಲ್ಲ. ತಟ್ಟೆಯ ಮೇಲಿನ ಕೆತ್ತನೆ ಸವೆದು ಹೋಗುತ್ತದೆ. ಕಾರ್ಖಾನೆಗಳು ಇದಕ್ಕೂ ಸಲ್ಫ್ಯೂರಿಕ್ ಆಮ್ಲ ಮತ್ತು ವಿದ್ಯುತ್ತಿನ ದಾರಿಯನ್ನೇ ಹಿಡಿಯುತ್ತವೆ, ಒಳಗಿನ ಲೋಹಕ್ಕೆ ಕಚ್ಚದಿರಲೆಂದು ಗ್ಲಿಸರಿನ್ ಸೇರಿಸುವುದೂ ಉಂಟು. ಉಕ್ಕಿನಂತೆ ಇಲ್ಲಿ ಮುಗಿದ ಸೂಚನೆ ಅಷ್ಟು ಸ್ಪಷ್ಟವಲ್ಲ, ಮತ್ತೆ ಮತ್ತೆ ಎತ್ತಿ ನೋಡುತ್ತಿರಬೇಕು. ಟಾಯ್ಲೆಟ್ ಆಸಿಡ್‌ನಲ್ಲಿ ನೆನೆಸಿದ ಹಿತ್ತಾಳೆಗೆ ಬೇರೊಂದು ಗತಿ. ಅದರಲ್ಲಿನ ಸತು ಕರಗಿ ಮೇಲ್ಮೈಯಲ್ಲಿ ನಸುಗೆಂಪು ತಾಮ್ರ ಉಳಿಯುತ್ತದೆ. ‘ನೋಡಿ, ಇದು ತಾಮ್ರದ ತಟ್ಟೆ’ ಎಂದು ಸಂತೋಷಪಡುವವರು ನೋಡುತ್ತಿರುವುದು ಹಾಳಾದ ಹಿತ್ತಾಳೆಯನ್ನು.

ಸತುವಿನ ಎರಕವನ್ನು ಮುಟ್ಟದಿರುವುದೇ ಲೇಸು. ಬಾಗಿಲ ಹಿಡಿ, ನಲ್ಲಿಯ ತಿರುಪು, ಬೀರುವಿನ ಗುಬುಟು ಬಹುಪಾಲು ಇದರವೇ. ಅನುಭವಸ್ಥ ಕಾರ್ಖಾನೆಗಳೇ ಇದನ್ನು ಒಲ್ಲದ ಮನಸ್ಸಿನಿಂದ ತೆಗೆದುಕೊಳ್ಳುತ್ತವೆ. ಗುಳ್ಳೆ ಎದ್ದ ಹಿಡಿಯನ್ನು ಬದಲಾಯಿಸಿ. ಅಲ್ಯೂಮಿನಿಯಂ ಗಾಢ ನೈಟ್ರಿಕ್ ಆಮ್ಲದಲ್ಲಿ ಉಕ್ಕಿನಂತೆಯೇ ತಾಳಿಕೊಳ್ಳುತ್ತದೆ, ಹಾಗಾಗಿ ಕಾರ್ಖಾನೆಗೆ ಅದು ಕಷ್ಟವಲ್ಲ. ಆದರೆ ಟಾಯ್ಲೆಟ್ ಆಸಿಡ್ ಅಥವಾ ಚರಂಡಿ ಬಿಡಿಸುವ ಕಾಸ್ಟಿಕ್ ಸೋಡಾಕ್ಕೆ ಹಾಕಿದರೆ ಬಿಸಿಯಾಗಿ ನೊರೆ ಉಕ್ಕುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಡುತ್ತದೆ.

ಘಾಟು ಎಚ್ಚರಿಸದೆ ಹೋದಾಗ

ಫೆಬ್ರವರಿ-ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯ ಬಳಿ ನಡೆದವರಿಗೆ ಘಾಟು ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಅಲ್ಲಿನ ಡಬ್ಬಿ, ಕಡ್ಡಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಚೀಲಗಟ್ಟಲೆ ಸುರಿದಾಗ ಸೀನು, ಕೆಮ್ಮು, ಕಣ್ಣೀರು. ಅದರ ಕ್ಯಾಪ್ಸೈಸಿನ್ ನೇರವಾಗಿ ನೋವಿನ ನರಗಳನ್ನೇ ಮುಟ್ಟುತ್ತದೆ. ದೇಹ ಕೂಡಲೇ ಹೊರಗೆ ಓಡು ಅನ್ನುತ್ತದೆ. ಹೊರಗೆ ಬಂದು ನೀರು ಕುಡಿದರೆ ಸ್ವಲ್ಪ ಹೊತ್ತಿಗೆ ಸರಿ.

ಇಂಥ ಊರಿನಲ್ಲಿ ಬೆಳೆದವರಿಗೆ ಒಂದು ನಂಬಿಕೆ ಇರುವುದು ಸಹಜ: ಘಾಟು ತಡೆದುಕೊಳ್ಳಲು ಆಗುವಷ್ಟೇ ಇದ್ದರೆ ಅಪಾಯವಿಲ್ಲ. ಟಾಯ್ಲೆಟ್ ಆಸಿಡ್‌ನ ಹಬೆಯ ಮಟ್ಟಿಗೆ ಇದು ಸ್ವಲ್ಪಮಟ್ಟಿಗೆ ನಿಜ. ಅದು ನೀರಿನಲ್ಲಿ ಬೇಗ ಕರಗುವುದರಿಂದ ಮೂಗು, ಗಂಟಲಿನ ತೇವದಲ್ಲೇ ಕರಗಿ ಉರಿಸುತ್ತದೆ, ನಾವು ಹಿಂದೆ ಸರಿಯುತ್ತೇವೆ. ನೈಟ್ರಿಕ್ ಆಮ್ಲ ಲೋಹದೊಂದಿಗೆ ಸೇರಿದಾಗ ಏಳುವ ಕಂದು ಹೊಗೆ, ನೈಟ್ರೋಜನ್ ಡೈಆಕ್ಸೈಡ್, ಹಾಗಲ್ಲ. ಅದು ನೀರಿನಲ್ಲಿ ಕಡಿಮೆ ಕರಗುತ್ತದೆ. ಮೂಗು ಗಂಟಲನ್ನು ಅಷ್ಟಾಗಿ ಉರಿಸದೆ ದಾಟಿ ಶ್ವಾಸಕೋಶದ ತಳದ ಗಾಳಿಚೀಲಗಳವರೆಗೆ ಇಳಿಯುತ್ತದೆ. ಉಸಿರಾಡಿದವರಿಗೆ ಸ್ವಲ್ಪ ಕೆಮ್ಮು, ಸ್ವಲ್ಪ ತಲೆನೋವು, ಆಮೇಲೆ ಆರಾಮ ಅನ್ನಿಸಬಹುದು. ಊಟ ಮಾಡಿ ಮಲಗುತ್ತಾರೆ. ಹಲವು ಗಂಟೆಗಳ ನಂತರ, ಕೆಲವೊಮ್ಮೆ ಒಂದು ದಿನ ಕಳೆದು, ಗಾಳಿಚೀಲಗಳಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಆದ್ದರಿಂದ ಕಂದು ಹೊಗೆ ಕುಡಿದವರು ಚೆನ್ನಾಗಿಯೇ ಇದ್ದರೂ ಆಸ್ಪತ್ರೆಗೆ ಹೋಗಬೇಕು. ‘ನೈಟ್ರಿಕ್ ಆಸಿಡ್ ಹೊಗೆ’ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು, ಬರೀ ‘ಆಸಿಡ್ ವಾಸನೆ’ ಅಂದರೆ ಸಾಲದು. ಅವರು ಒಂದು ದಿನ ಇರಿ ಎಂದರೆ ಇರಬೇಕು. ಮೈಗೆ ಆಮ್ಲ ಬಿದ್ದಿದ್ದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆಯುವುದು ಮೊದಲ ಕೆಲಸ. ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕೊಟ್ಟ ಆದೇಶದ ನಂತರ ಆಮ್ಲವನ್ನು ಗುರುತಿನ ಚೀಟಿ, ಕಾರಣ ಕೇಳದೆ ಅಂಗಡಿಯಲ್ಲಿ ಮಾರುವಂತಿಲ್ಲ. ಆ ಆದೇಶ ಬಂದದ್ದು ಆಮ್ಲ ದಾಳಿ ತಡೆಯಲು, ನಮ್ಮ ತಟ್ಟೆಗಾಗಿ ಅಲ್ಲ. ಆದರೂ ತೇಜಾಬಿನ ಬಾಟಲಿ ಮನೆಗೆ ಬರದಿರುವುದಕ್ಕೆ ಅದೂ ಒಂದು ಕಾರಣವಾಗಲಿ.

ವಿನೆಗರ್, ಉಪ್ಪು, ಚಾರ್ಜರ್‌ನ ಉಪಾಯ ಇದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಅದರಿಂದ ನಿಕ್ಕಲ್ ಹೋಗುವುದೂ ನಿಜ. ಆದರೆ ಉಪ್ಪಿನಿಂದ ಕ್ಲೋರಿನ್ ಅನಿಲ ಬರುತ್ತದೆ. ಮೇಲೆ ಕ್ರೋಮ್ ಇದ್ದರೆ, ಇಲ್ಲವೇ ಸ್ಟೀಲ್ ಚಮಚವನ್ನು ಧನ ಧ್ರುವಕ್ಕೆ ಕಟ್ಟಿದರೆ, ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕೂಡ ಉಂಟಾಗಬಹುದು. ಕೊನೆಗೆ ಉಳಿಯುವುದು ಒಂದು ಬಕೆಟ್ ಹಸಿರು ನೀರು. ಆ ಹಸಿರು ಕರಗಿದ ನಿಕ್ಕಲ್‌ನದು, ಅದನ್ನು ಎಲ್ಲಿ ಚೆಲ್ಲುತ್ತೀರಿ? ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನಿಕ್ಕಲ್ ಲೀಟರಿಗೆ 0.02 ಮಿಲಿಗ್ರಾಂ ಮೀರಬಾರದು. ಒಂದು ಗ್ರಾಂ ನಿಕ್ಕಲ್ 50,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಲು ಸಾಕು. ಅಂಗೈಯಗಲದ ಒಂದು ತಟ್ಟೆಯ ಎರಡೂ ಬದಿಯ ಲೇಪ ಸೇರಿದರೆ ಒಂದು ಗ್ರಾಂ ಹತ್ತಿರ ಬರಬಹುದು, ಅದಕ್ಕಿಂತ ದೊಡ್ಡದು ಅದನ್ನು ದಾಟುತ್ತದೆ. ಮನೆ ಮುಂದಿನ ಗಟಾರ ಕೆರೆಗೆ ಸೇರುವ ಊರುಗಳು ನಮ್ಮವು. ಲೇಪನದ ಘಟಕಗಳು ಗುಂಪಾಗಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಹೊಸ ಸುದ್ದಿಯಲ್ಲ. ಕಾನೂನಿನ ಪ್ರಕಾರ ಕಾರ್ಖಾನೆಗಳು ಈ ನೀರನ್ನು ಶುದ್ಧಗೊಳಿಸಿ, ಕೆಸರನ್ನು ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಒಪ್ಪಿಸಬೇಕು. ಮನೆಯವರಿಗೆ ಅಂಥ ವ್ಯವಸ್ಥೆಯೇ ಇಲ್ಲ.

ಹಾಗಾದರೆ ಮಾಡುವುದೇನು

ಬೈಕಿನ ಭಾಗಗಳನ್ನು ದೊಡ್ಡ ಊರಿನ ಲೇಪನ ಘಟಕಕ್ಕೆ ಕೊಡಿ. ಕೊಡುವಾಗ ಒಳಗಿನ ಲೋಹ ಯಾವುದು, ಮೇಲೆ ಕ್ರೋಮ್ ಇದೆಯೇ, ಯಾವ ಭಾಗ ಭಾರ ಹೊರುವಂಥದ್ದು ಎಂದು ಹೇಳಿ. ‘ಯಾವ ದ್ರಾವಣದಲ್ಲಿ ತೆಗೆಯುತ್ತೀರಿ, ಸ್ಪ್ರಿಂಗ್‌ಗಳನ್ನು ಆಮೇಲೆ ಕಾಯಿಸುತ್ತೀರಾ’ ಎಂದು ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಹಳೆಯ ಲೇಪ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಪೂರ್ತಿ ತೆಗೆಯದೆಯೇ ಮೇಲ್ಮೈ ಸಿದ್ಧಪಡಿಸಿ ಮತ್ತೆ ಲೇಪಿಸಲು ಸಾಧ್ಯವೇ ಎಂದೂ ವಿಚಾರಿಸಿ.

ಹಿತ್ತಾಳೆ ತಟ್ಟೆ, ದೀಪಗಳ ವಿಷಯದಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಒಂದಿದೆ, ನಿಧಾನದ ಕೆಲಸ ಅಷ್ಟೇ. ನೀರಿನಲ್ಲಿ ಬಳಸುವ ನಯವಾದ ಉಪ್ಪು ಕಾಗದದಿಂದ, ನೀರು ಹಾಕುತ್ತಲೇ, ತಿಕ್ಕಿ ತೆಗೆಯುವುದು. ಒಣಗಿದ ಮೇಲೆ ತಿಕ್ಕಿದರೆ ನಿಕ್ಕಲ್ ದೂಳು ಶ್ವಾಸಕ್ಕೆ ಹೋಗುತ್ತದೆ, ಅದು ಒಳ್ಳೆಯದಲ್ಲ. ಕೈಗೆ ಗವಸು ಹಾಕಿ. ಕೆಸರನ್ನು ಕಾಗದದಿಂದ ಒರೆಸಿ ಕವರಿನಲ್ಲಿ ಕಟ್ಟಿ, ಬಚ್ಚಲಿಗೆ ಬಿಡಬೇಡಿ. ಸೂಕ್ಷ್ಮ ಕೆತ್ತನೆ ಇರುವ ಹಳೆಯ ವಸ್ತುವಾದರೆ ಇದೂ ಬೇಡ, ಕೆತ್ತನೆ ಹೋದರೆ ಮತ್ತೆ ಬರದು. ಮಚ್ಚೆ ಬಿದ್ದ ಲೇಪದೊಂದಿಗೇ ಇಟ್ಟುಕೊಂಡರೆ ತಪ್ಪೇನು? ಅಡುಗೆಯ ಪಾತ್ರೆಯಲ್ಲಿ ಲೇಪ ಎದ್ದಿದ್ದರೆ ಮಾತ್ರ ಅದರಲ್ಲಿ ಹುಳಿ, ಸಾರು ಇಡುವುದನ್ನು ನಿಲ್ಲಿಸಬೇಕು.

ತಿಕ್ಕಿ ತಿಕ್ಕಿ ಹಳದಿ ಹಿತ್ತಾಳೆ ಪೂರ್ತಿ ಕಂಡ ಮೇಲೆ ಅದು ಹಾಗೆಯೇ ಉಳಿಯುವುದಿಲ್ಲ, ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಆಗ ಹುಣಸೆಹಣ್ಣು ತೆಗೆದುಕೊಳ್ಳಿ. ನಿಕ್ಕಲ್‌ನ ಮುಂದೆ ಸೋತ ಅದೇ ಹುಳಿ, ತಾಮ್ರದ ಕಿಲುಬನ್ನು ಎರಡು ನಿಮಿಷದಲ್ಲಿ ಬಿಡಿಸುತ್ತದೆ.